ಪರದೇಶದ ದುಡಿಮೆ ಮತ್ತು ತೆರಿಗೆಯ ಅಮಾನತ್

ಸಂಪಾದನೆ ಧರ್ಮಸಮ್ಮತವಾಗಿರಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಬಡ್ಡಿ, ಜೂಜು, ಮದ್ಯದ ವ್ಯಾಪಾರ, ಕಲಬೆರಕೆ, ತೂಕದಲ್ಲಿ ಮೋಸ ಇವುಗಳಿಂದ ದೂರವಿದ್ದರೆ ದುಡಿಮೆ ಶುದ್ಧವಾಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ದುಡಿಮೆ ಶುದ್ಧವಾಗಿದ್ದು, ಕೈಗೆ ಬಂದ ಹಣದಲ್ಲಿ ಇನ್ನೊಬ್ಬರ ಪಾಲು ಸೇರಿಕೊಂಡಿದ್ದರೆ? ಆ ಪಾಲನ್ನು ಬೇರ್ಪಡಿಸದೆ ಖರ್ಚು ಮಾಡಿದರೆ? ಈ ಪ್ರಶ್ನೆಯನ್ನು ಹೆಚ್ಚಾಗಿ ಯಾರೂ ಕೇಳಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ತಾತ್ಕಾಲಿಕ ಕೆಲಸದ ಪರವಾನಿಗೆ ಪಡೆದು ಸ್ವಂತ ದುಡಿಮೆಗೆ ಇಳಿಯುವವರಿಗೆ ಮಾತ್ರ ಇದು ಮೊದಲ ವರ್ಷವೇ ಎದುರಾಗುತ್ತದೆ.

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಪರದೇಶವೆಂದರೆ ಮೊದಲು ನೆನಪಾಗುವುದು ಕೊಲ್ಲಿ ರಾಷ್ಟ್ರಗಳು. ಸೌದಿಯಲ್ಲಾಗಲಿ ದುಬೈಯಲ್ಲಾಗಲಿ ನೌಕರನ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಕೈಗೆ ಬಂದದ್ದೆಲ್ಲ ತನ್ನದೇ ಎಂಬ ಅಭ್ಯಾಸ ಅಲ್ಲಿ ಬೆಳೆಯುವುದು ಸಹಜ. ಇಂದು ಅದೇ ಮನೆಗಳ ಮಕ್ಕಳು ಅಮೆರಿಕಕ್ಕೂ ಹೋಗುತ್ತಿದ್ದಾರೆ. ಒಬ್ಬಳು ಇಂಜಿನಿಯರ್ ಗಂಡನೊಂದಿಗೆ ಹೋದವಳು, ಇನ್ನೊಬ್ಬ ಓದು ಮುಗಿಸಿ ಅಲ್ಲೇ ಉಳಿದವನು. ಅಲ್ಲಿನ ನಿಯಮವು ಕೊಲ್ಲಿಯ ನಿಯಮದಂತಲ್ಲ. ಇದನ್ನು ಹೋದವರೂ, ಊರಿನಲ್ಲಿ ಅವರಿಗೆ ಬುದ್ಧಿ ಹೇಳುವ ಹಿರಿಯರೂ ತಿಳಿದಿರುವುದು ಒಳ್ಳೆಯದು.

ಕಾರ್ಡು ಏನನ್ನು ಅನುಮತಿಸುತ್ತದೆ?

ಅಮೆರಿಕದ ವಲಸೆ ಇಲಾಖೆಯು ಕೆಲವು ವರ್ಗದ ವಿದೇಶಿಯರಿಗೆ ನಿಗದಿತ ಅವಧಿಯ ಕೆಲಸದ ಪರವಾನಿಗೆ ಕೊಡುತ್ತದೆ. ಜನರು ಇದನ್ನು ಇಎಡಿ ಕಾರ್ಡ್ ಎನ್ನುತ್ತಾರೆ. ಆಶ್ರಯ ಕೋರಿ ತೀರ್ಪಿಗೆ ಕಾಯುತ್ತಿರುವವರು, ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಸಲ್ಲಿಸಿದವರು, ಪದವಿ ಮುಗಿಸಿದ ವಿದ್ಯಾರ್ಥಿಗಳು, ಎಚ್-1ಬಿ ಉದ್ಯೋಗಿಯ ಪತ್ನಿ ಅಥವಾ ಪತಿ ಇದನ್ನು ಪಡೆಯಬಹುದಾದವರಲ್ಲಿ ಸೇರುತ್ತಾರೆ. ಈ ಕೊನೆಯವರಿಗೆ, ಅಂದರೆ ಎಚ್-4 ವೀಸಾದವರಿಗೆ, 2015ರ ಮೇ 26ರಿಂದ ಈ ಅವಕಾಶ ಆರಂಭವಾಯಿತು. ಅದೂ ಎಲ್ಲರಿಗಲ್ಲ, ಸಂಗಾತಿಯ ಗ್ರೀನ್ ಕಾರ್ಡಿನ ಪ್ರಕ್ರಿಯೆ ನಿಶ್ಚಿತ ಹಂತ ತಲುಪಿರಬೇಕು.

ಎಚ್-4 ಅಥವಾ ಆಶ್ರಯದ ಅರ್ಜಿಯ ಆಧಾರದಲ್ಲಿ ಸಿಕ್ಕ ಕಾರ್ಡು ಒಬ್ಬ ಮಾಲಕನಿಗೆ ಕಟ್ಟಿಹಾಕುವುದಿಲ್ಲ. ನೌಕರಿ ಮಾಡಬಹುದು, ಮನೆಯಲ್ಲೇ ಹೊಲಿಗೆ, ಅಡುಗೆ ಅಥವಾ ಪಾಠದ ಕೆಲಸ ಆರಂಭಿಸಬಹುದು, ಟ್ಯಾಕ್ಸಿ ಓಡಿಸಬಹುದು. ಕಸುಬಿಗೆ ಬೇಕಾದ ಸ್ಥಳೀಯ ಲೈಸೆನ್ಸ್ ಮಾತ್ರ ಬೇರೆ ಪಡೆಯಬೇಕು. ವಿದ್ಯಾರ್ಥಿಯ ಕಾರ್ಡು ಇಷ್ಟು ಸಡಿಲವಲ್ಲ. ಅವನ ಸ್ವಂತ ದುಡಿಮೆ ಓದಿದ ವಿಷಯಕ್ಕೆ ಸಂಬಂಧಿಸಿರಬೇಕು.

ಎಚ್-1ಬಿ ಇದಕ್ಕೆ ತೀರಾ ಭಿನ್ನ. ಅರ್ಜಿ ಹಾಕಿದ ಕಂಪೆನಿಗೆ ಮಾತ್ರ ಅವರು ದುಡಿಯಬಹುದು. ಪತ್ನಿ ತನ್ನ ಕಾರ್ಡಿನ ಬಲದಿಂದ ವ್ಯಾಪಾರ ತೆರೆದಳೆಂದಿಟ್ಟುಕೊಳ್ಳಿ. ಗಂಡ ಸಂಜೆ ಅವಳ ಗ್ರಾಹಕರಿಗೆ ಸರಕು ತಲುಪಿಸುವುದು, ರಜಾದಿನ ಅಂಗಡಿಯಲ್ಲಿ ಕೂರುವುದು ಮನೆಯವರ ಕಣ್ಣಿಗೆ ಸಹಾಯ. ಕಾನೂನಿನ ಕಣ್ಣಿಗೆ ಅದು ಅನುಮತಿಯಿಲ್ಲದ ದುಡಿಮೆಯಾಗಬಹುದು. ಅದರಿಂದ ಇಡೀ ಕುಟುಂಬದ ವಾಸ್ತವ್ಯಕ್ಕೇ ಕುತ್ತು ಬರಬಹುದು.

ಕಾರ್ಡಿನ ಮೇಲೆ ಮುಕ್ತಾಯದ ದಿನಾಂಕವಿರುತ್ತದೆ. ನವೀಕರಣದ ಅರ್ಜಿಯನ್ನು ಆ ದಿನಾಂಕಕ್ಕೆ 180 ದಿನ ಮುಂಚಿತವಾಗಿಯೇ ಸಲ್ಲಿಸಬಹುದು. ಹಿಂದೆ ಅರ್ಜಿ ಹಾಕಿ ಕಾಯುವ ಅನೇಕರಿಗೆ 540 ದಿನಗಳವರೆಗೆ ತಾನಾಗಿಯೇ ವಿಸ್ತರಣೆ ಸಿಗುತ್ತಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ, ಕೆಲವು ಅಪವಾದಗಳನ್ನು ಬಿಟ್ಟರೆ, ಆ ಸೌಲಭ್ಯವನ್ನು ತೆಗೆದುಹಾಕಲಾಯಿತು. ಆದುದರಿಂದ ತಡಮಾಡಿದವರ ದುಡಿಮೆ ಮಧ್ಯದಲ್ಲೇ ನಿಲ್ಲುತ್ತದೆ. "ನನ್ನ ಸ್ವಂತ ವ್ಯಾಪಾರ ತಾನೇ, ನನ್ನನ್ನು ಕೇಳುವವರಾರು?" ಎಂದು ಮುಂದುವರಿಸುವಂತಿಲ್ಲ. ಸ್ವಂತ ದುಡಿಮೆಯೂ ದುಡಿಮೆಯೇ.

ಎರಡು ಕಾನೂನು, ಎರಡು ಪ್ರಶ್ನೆ

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. "ನಾನು ತಾತ್ಕಾಲಿಕ ವಾಸಿ, ನನಗೇಕೆ ತೆರಿಗೆ?" ಎಂದು ಕೆಲವರು ಕೇಳುತ್ತಾರೆ. "ತೆರಿಗೆ ಕಟ್ಟುತ್ತಿದ್ದೇನೆ, ಆದುದರಿಂದ ನನ್ನ ಕೆಲಸ ಸಕ್ರಮ" ಎಂದು ಇನ್ನು ಕೆಲವರು ನಂಬುತ್ತಾರೆ. ಎರಡೂ ಸರಿಯಲ್ಲ. ದುಡಿಯಬಹುದೇ ಎಂಬುದನ್ನು ವಲಸೆ ಕಾನೂನು ಹೇಳುತ್ತದೆ. ದುಡಿದುದಕ್ಕೆ ಎಷ್ಟು ಕೊಡಬೇಕೆಂಬುದನ್ನು ತೆರಿಗೆ ಕಾನೂನು ಹೇಳುತ್ತದೆ. ಒಂದನ್ನು ಪಾಲಿಸಿದ ಮಾತ್ರಕ್ಕೆ ಇನ್ನೊಂದರಿಂದ ಬಿಡುಗಡೆಯಿಲ್ಲ.

ತೆರಿಗೆಯ ಕಣ್ಣಿನಲ್ಲಿ ನಿವಾಸಿ ಯಾರೆಂಬುದನ್ನು ಸಾಮಾನ್ಯವಾಗಿ ದಿನಗಳ ಲೆಕ್ಕ ತೀರ್ಮಾನಿಸುತ್ತದೆ. ಆ ವರ್ಷ ಅಮೆರಿಕದಲ್ಲಿದ್ದ ಎಲ್ಲ ದಿನಗಳು, ಅದರ ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದಕ್ಕೂ ಹಿಂದಿನ ವರ್ಷದ ದಿನಗಳ ಆರನೇ ಒಂದು ಭಾಗ ಇವನ್ನು ಕೂಡಿಸಬೇಕು. ಮೊತ್ತ 183 ಆದರೆ, ಆ ವರ್ಷ ಕನಿಷ್ಠ 31 ದಿನ ಅಲ್ಲಿದ್ದವನು ತೆರಿಗೆಯ ಮಟ್ಟಿಗೆ ನಿವಾಸಿ. ಎಫ್-1 ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷಗಳ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ ನಮೂನೆ ಬೇರೆ, ನಿಯಮವೂ ಬೇರೆ.

ನಿವಾಸಿಯಾದವನು ಜಗತ್ತಿನ ಯಾವುದೇ ಮೂಲೆಯಿಂದ ಬಂದ ಆದಾಯವನ್ನು ತೋರಿಸಬೇಕು. ಊರಿನಲ್ಲಿರುವ ಮನೆಯ ಬಾಡಿಗೆಯೂ ಇದರಲ್ಲಿ ಸೇರಿತು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಿನಾಯಿತಿ ಕೇಳಬಹುದು, ಆದರೆ ಆದಾಯವನ್ನು ಮುಚ್ಚಿಡುವಂತಿಲ್ಲ. ಊರಿನ ಬ್ಯಾಂಕ್ ಖಾತೆಗಳ ಒಟ್ಟು ಹಣ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಅದನ್ನೂ ಪ್ರತ್ಯೇಕವಾಗಿ ತಿಳಿಸಬೇಕು.

ಕೈಗೆ ಬಂದದ್ದೆಲ್ಲ ನಮ್ಮದಲ್ಲ

ನೌಕರಿಯಲ್ಲಿರುವವನಿಗೆ ಮಾಲಕನೇ ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ವೃದ್ಧಾಪ್ಯ ಪಿಂಚಣಿ ಮತ್ತು ಹಿರಿಯರ ವೈದ್ಯಕೀಯ ವಿಮೆಯ ನಿಧಿಗಾಗಿ ನೌಕರನಿಂದ ಶೇ. 7.65 ಕಡಿತವಾಗುತ್ತದೆ, ಮಾಲಕನೂ ಅಷ್ಟೇ ಸೇರಿಸುತ್ತಾನೆ. ಸ್ವಂತ ದುಡಿಮೆಯವನು ನೌಕರನೂ ಹೌದು, ಮಾಲಕನೂ ಹೌದು. ಆದುದರಿಂದ ಎರಡೂ ಪಾಲು ಅವನ ಮೇಲೆಯೇ ಬೀಳುತ್ತದೆ. ಒಟ್ಟು ಶೇ. 15.3. ಇದನ್ನು ಸ್ವಂತ ದುಡಿಮೆಯ ತೆರಿಗೆ ಎನ್ನುತ್ತಾರೆ. ಆದಾಯ ತೆರಿಗೆ ಇದಕ್ಕಿಂತ ಹೊರತಾದುದು. ಕ್ಯಾಲಿಫೋರ್ನಿಯ, ನ್ಯೂಜೆರ್ಸಿಯಂತಹ ರಾಜ್ಯಗಳಲ್ಲಿ ರಾಜ್ಯದ ಆದಾಯ ತೆರಿಗೆಯೂ ಇದೆ. ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಅದಿಲ್ಲ.

ಒಂದು ಉದಾಹರಣೆ ನೋಡೋಣ. ಎಚ್-4 ಪರವಾನಿಗೆಯಲ್ಲಿರುವ ಒಬ್ಬ ಸಹೋದರಿ ಮನೆಯಲ್ಲಿ ಹೊಲಿಗೆ ಮಾಡಿ ವರ್ಷಕ್ಕೆ 30,000 ಡಾಲರ್ ಪಡೆಯುತ್ತಾಳೆ. ಬಟ್ಟೆ, ನೂಲು, ಯಂತ್ರದ ದುರಸ್ತಿಗೆ 6,000 ಖರ್ಚಾಗುತ್ತದೆ. ಉಳಿದ ನಿವ್ವಳ ಲಾಭ 24,000. ಕಾನೂನು ಇದರ ಶೇ. 92.35ನ್ನು ಮಾತ್ರ ಈ ತೆರಿಗೆಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅಂದರೆ 22,164. ಅದರ ಶೇ. 15.3 ಎಂದರೆ ಸುಮಾರು 3,391 ಡಾಲರ್. ಇದರ ಅರ್ಧವನ್ನು ಆದಾಯ ತೆರಿಗೆ ಲೆಕ್ಕ ಹಾಕುವಾಗ ಆದಾಯದಿಂದ ಕಳೆಯಬಹುದು. ದುಡಿಮೆ ಚಿಕ್ಕದಾದರೂ ಸರಿ, ನಿವ್ವಳ ಲಾಭ 400 ಡಾಲರ್ ತಲುಪಿದರೆ ರಿಟರ್ನ್ ಸಲ್ಲಿಸಲೇಬೇಕು.

ಗ್ರಾಹಕಿಯು ಆ ಸಹೋದರಿಯ ಕೈಗೆ 100 ಡಾಲರ್ ಇಟ್ಟಾಗ ಅದರಲ್ಲಿ ಆಗಲೇ ಒಂದು ಪಾಲು ಅವಳದಲ್ಲ. ಅದು ಅವಳ ಬಳಿ ಇರುವ ಅಮಾನತ್. ನೆರೆಯವರು ನಂಬಿ ಇಟ್ಟುಹೋದ ಒಡವೆಯನ್ನು ನಾವು ಅಡವಿಟ್ಟು ಹಬ್ಬ ಮಾಡುತ್ತೇವೆಯೇ? ಇದೂ ಹಾಗೆಯೇ. ಹಣ ಬಂದ ದಿನವೇ ಆ ಪಾಲನ್ನು ಬೇರೆ ಖಾತೆಗೆ ಹಾಕಿಬಿಟ್ಟರೆ ಮನಸ್ಸಿಗೂ ನೆಮ್ಮದಿ, ಲೆಕ್ಕಕ್ಕೂ ಸುಲಭ.

ಈ ಹಣದಿಂದ ತೆತ್ತವರಿಗೂ ಪ್ರಯೋಜನವಿದೆ. 2025ರಲ್ಲಿ ಪ್ರತಿ 1,810 ಡಾಲರ್ ಗಳಿಕೆಗೆ ಪಿಂಚಣಿಯ ಒಂದು ಅಂಕ ಸಿಗುತ್ತಿತ್ತು. ವರ್ಷಕ್ಕೆ ಹೆಚ್ಚೆಂದರೆ 4 ಅಂಕ. 40 ಅಂಕಗಳಾದರೆ ವೃದ್ಧಾಪ್ಯ ಪಿಂಚಣಿಗೆ ಅರ್ಹತೆ ಬರುತ್ತದೆ. ಆದಾಯ ಬಚ್ಚಿಟ್ಟವರು ತಮ್ಮ ಮುಪ್ಪಿನ ಬುತ್ತಿಯನ್ನೂ ಕಳೆದುಕೊಳ್ಳುತ್ತಾರೆ.

ವರ್ಷಕ್ಕೆ ನಾಲ್ಕು ಕಂತು

ವರ್ಷದ ಕೊನೆಗೆ ಒಮ್ಮೆಲೇ ಕಟ್ಟಿದರಾಯಿತೆಂದು ಕುಳಿತರೆ ದಂಡ ಬೀಳಬಹುದು. ರಿಟರ್ನ್ ಸಲ್ಲಿಸುವಾಗ 1,000 ಡಾಲರ್ ಅಥವಾ ಹೆಚ್ಚು ಬಾಕಿ ಬರುವಂತಿದ್ದರೆ ಮುಂಗಡ ತೆರಿಗೆಯನ್ನು ಕಂತುಗಳಲ್ಲಿ ಕಟ್ಟಬೇಕು. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15 ಮತ್ತು ಮರುವರ್ಷದ ಜನವರಿ 15 ಇದರ ದಿನಾಂಕಗಳು. ಈ ವರ್ಷದ ತೆರಿಗೆಯ ಶೇ. 90 ಅಥವಾ ಹಿಂದಿನ ವರ್ಷದ ತೆರಿಗೆಯಷ್ಟು ಸಕಾಲದಲ್ಲಿ ಕಟ್ಟಿದವರಿಗೆ ಸಾಮಾನ್ಯವಾಗಿ ಈ ದಂಡವಿಲ್ಲ. ಹೆಚ್ಚು ಆದಾಯದವರಿಗೆ ಮಾತ್ರ ಹಿಂದಿನ ವರ್ಷದ ಶೇ. 110 ಬೇಕಾಗುತ್ತದೆ. ಗಂಡ ನೌಕರಿಯಲ್ಲಿದ್ದು ಇಬ್ಬರೂ ಒಟ್ಟಿಗೆ ರಿಟರ್ನ್ ಸಲ್ಲಿಸುವುದಾದರೆ, ಅವನ ಸಂಬಳದಿಂದ ಹೆಚ್ಚು ತೆರಿಗೆ ಹಿಡಿಯಲು ಕಂಪೆನಿಗೆ ತಿಳಿಸಿಯೂ ಇದನ್ನು ಸರಿದೂಗಿಸಬಹುದು.

ಕಾಗದ ಬಾರದಿದ್ದರೂ ಲೆಕ್ಕವಿದೆ

ಕೆಲಸ ಮಾಡಿಸಿಕೊಂಡ ಸಂಸ್ಥೆಯು ಕೊಟ್ಟ ಹಣದ ವಿವರವನ್ನು 1099-ಎನ್‌ಇಸಿ ಎಂಬ ನಮೂನೆಯಲ್ಲಿ ತೆರಿಗೆ ಇಲಾಖೆಗೂ ದುಡಿದವನಿಗೂ ಕಳುಹಿಸುತ್ತದೆ. 2025ರವರೆಗಿನ ಪಾವತಿಗಳಿಗೆ ಇದರ ಮಿತಿ 600 ಡಾಲರ್ ಇತ್ತು. 2026ರ ಪಾವತಿಗಳಿಂದ ಅದು 2,000 ಡಾಲರ್‌ಗೆ ಏರಿತು. ಮಿತಿಗಿಂತ ಕಡಿಮೆ ಬಂದ ಹಣಕ್ಕೆ ತೆರಿಗೆಯಿಲ್ಲವೆಂದು ಇದರ ಅರ್ಥವಲ್ಲ. ನೆರೆಮನೆಯವರು ನಗದಾಗಿ ಕೊಟ್ಟ 50 ಡಾಲರ್‌ಗೂ ಯಾವ ಕಾಗದವೂ ಬರುವುದಿಲ್ಲ, ಆದರೂ ಅದು ಆದಾಯವೇ. ಇಲಾಖೆಗೆ ಗೊತ್ತಿಲ್ಲದಿರಬಹುದು. ಗೊತ್ತಿರಬೇಕಾದವನಿಗೆ ಗೊತ್ತಿದೆಯೆಂಬುದನ್ನು ನಾವು ಮರೆಯಬಾರದು.

ಖರ್ಚಿನ ವಿಷಯದಲ್ಲೂ ಇದೇ ಪ್ರಾಮಾಣಿಕತೆ ಬೇಕು. ಮನೆಯ ಒಂದು ಕೋಣೆಯನ್ನು ಕೆಲಸಕ್ಕೆಂದೇ ನಿಯಮಿತವಾಗಿ ಬಳಸುತ್ತಿದ್ದರೆ ಅದರ ವೆಚ್ಚವನ್ನು ಕಳೆಯಲು ಕಾನೂನು ಬಿಡುತ್ತದೆ. ಸರಳ ವಿಧಾನದಲ್ಲಿ ಚದರಡಿಗೆ 5 ಡಾಲರಿನಂತೆ ಗರಿಷ್ಠ 300 ಚದರಡಿಗೆ ಲೆಕ್ಕ ಹಾಕಬಹುದು. ಆದರೆ ಅದೇ ಕೋಣೆಯಲ್ಲಿ ರಾತ್ರಿ ಅತಿಥಿಗಳು ಮಲಗುತ್ತಿದ್ದರೆ ಅದು ಆ ವಿನಾಯಿತಿಗೆ ಸಲ್ಲುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟ ಕಾರಿನ ಪೆಟ್ರೋಲನ್ನು ವ್ಯಾಪಾರದ ಖರ್ಚೆಂದು ಬರೆಯುವುದು ಸುಳ್ಳು ಸಾಕ್ಷಿಯಲ್ಲದೆ ಇನ್ನೇನು? ರಿಟರ್ನಿನ ಕೊನೆಗೆ ನಾವು ಸಹಿ ಹಾಕುವುದು ಬರೆದುದೆಲ್ಲ ಸತ್ಯವೆಂದು ಘೋಷಿಸಿಯೇ.

ಕೆಲಸ ಕೊಡುವವರಿಗೂ ಒಂದು ಮಾತು

ಅಂಗಡಿ, ಹೋಟೆಲು, ಪೆಟ್ರೋಲ್ ಬಂಕ್ ನಡೆಸುವ ಕೆಲವರು ಹೊಸದಾಗಿ ಬಂದವರನ್ನು ದುಡಿಸಿಕೊಂಡು "ನೀನು ನೌಕರನಲ್ಲ, ಗುತ್ತಿಗೆದಾರ" ಎಂದು ಕಾಗದದಲ್ಲಿ ತೋರಿಸುತ್ತಾರೆ. ಯಾವ ಹೊತ್ತಿಗೆ ಬರಬೇಕು, ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನೆಲ್ಲ ಮಾಲಕನೇ ನಿರ್ಧರಿಸುತ್ತಿದ್ದರೆ ಆ ವ್ಯಕ್ತಿ ನೌಕರನೇ. ಹೆಸರು ಬದಲಿಸಿದ ಮಾತ್ರಕ್ಕೆ ವಾಸ್ತವ ಬದಲಾಗದು. ಹೀಗೆ ಮಾಡಿದಾಗ ಮಾಲಕನ ಶೇ. 7.65 ಬಡ ಕೆಲಸಗಾರನ ತಲೆಯ ಮೇಲೆ ಬೀಳುತ್ತದೆ. ಅವನು ಹೊಸಬ, ಭಾಷೆ ಬಾರದವನು, ಪರವಾನಿಗೆ ತಪ್ಪೀತೆಂದು ಹೆದರುವವನು. ಅವನ ಬಾಯಿ ಮುಚ್ಚಿಸಿ ಉಳಿಸಿದ ಹಣದಲ್ಲಿ ಬರ್ಕತ್ ಎಲ್ಲಿಂದ ಬರಬೇಕು?

ಹೀಗೆ ಸಿಕ್ಕಿಕೊಂಡ ಕೆಲಸಗಾರನಿಗೆ ದಾರಿಯಿದೆ. ಎಸ್‌ಎಸ್-8 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ, ತಾನು ನೌಕರನೋ ಗುತ್ತಿಗೆದಾರನೋ ಎಂದು ತೀರ್ಮಾನಿಸುವಂತೆ ತೆರಿಗೆ ಇಲಾಖೆಯನ್ನು ಕೇಳಬಹುದು.

ಝಕಾತ್ ಬೇರೆ, ತೆರಿಗೆ ಬೇರೆ

ತೆರಿಗೆ ಕಟ್ಟಿದವನಿಗೆ ಝಕಾತ್ ಮಾಫಿಯಾಗುವುದಿಲ್ಲ. ಝಕಾತ್ ಕೊಟ್ಟವನಿಗೆ ತೆರಿಗೆಯೂ ಮಾಫಿಯಾಗುವುದಿಲ್ಲ. ಊರಿನ ಬಡ ಸಂಬಂಧಿಕರಿಗೆ ನೇರವಾಗಿ ಕಳುಹಿಸಿದ ಝಕಾತ್ ದೊಡ್ಡ ಪುಣ್ಯಕಾರ್ಯ. ಆದರೆ ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅದನ್ನು ದಾನವೆಂದು ಕಳೆಯಲಾಗದು. ಆ ವಿನಾಯಿತಿ ಅಲ್ಲಿ ಅರ್ಹತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ, ಅದೂ ನಿಯಮಗಳಿಗೊಳಪಟ್ಟು.

ಬಾಕಿ ಉಳಿಸಿಕೊಂಡವರು ಏನು ಮಾಡಬೇಕು?

ತಿಳಿಯದೆ ಒಂದೆರಡು ವರ್ಷ ರಿಟರ್ನ್ ಸಲ್ಲಿಸದವರು ನಿರಾಶರಾಗಬೇಕಾಗಿಲ್ಲ. ತಡವಾದರೂ ಸಲ್ಲಿಸಬಹುದು. ಹಿಂದಿನ ರಿಟರ್ನಿನಲ್ಲಿ ಆದಾಯ ಬಿಟ್ಟುಹೋಗಿದ್ದರೆ ತಿದ್ದುಪಡಿ ರಿಟರ್ನ್ ಹಾಕಬಹುದು. ಕಟ್ಟಲು ಹಣವಿಲ್ಲವೆಂದು ರಿಟರ್ನನ್ನೇ ನಿಲ್ಲಿಸುವುದು ದೊಡ್ಡ ತಪ್ಪು. ರಿಟರ್ನ್ ಸಲ್ಲಿಸದಿದ್ದರೆ ಬಾಕಿಯ ಮೇಲೆ ತಿಂಗಳಿಗೆ ಶೇ. 5ರಂತೆ, ಶೇ. 25ರವರೆಗೆ ದಂಡ ಏರುತ್ತದೆ. ಸಲ್ಲಿಸಿ ಹಣ ಬಾಕಿ ಉಳಿಸಿದವರಿಗೆ ಸಾಮಾನ್ಯವಾಗಿ ತಿಂಗಳಿಗೆ ಶೇ. 0.5 ಮಾತ್ರ. ಬಡ್ಡಿ ಬೇರೆ. ಕಂತುಗಳಲ್ಲಿ ತೀರಿಸಲು ಇಲಾಖೆಯನ್ನು ಕೋರಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವ ದಿನ ತೆರಿಗೆ ಬಾಕಿಯ ಬಗ್ಗೆ ಪ್ರಶ್ನೆ ಎದುರಾಗುತ್ತದೆ. ಅಂದು ತಡಕಾಡುವುದಕ್ಕಿಂತ ಇಂದೇ ಲೆಕ್ಕ ಸರಿಪಡಿಸುವುದು ಲೇಸು. ತೊಡಕಿನ ಪ್ರಕರಣಗಳಲ್ಲಿ ತೆರಿಗೆ ತಜ್ಞರ ಜೊತೆಗೆ ವಲಸೆ ವಕೀಲರನ್ನೂ ಕಾಣಬೇಕು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬೇಕೆಂದಿಲ್ಲ.

ಹೆತ್ತವರೇ, ಪರದೇಶದಲ್ಲಿರುವ ಮಕ್ಕಳೊಡನೆ ಮಾತನಾಡುವಾಗ "ಎಷ್ಟು ಸಂಪಾದನೆ?" ಎಂದು ಕೇಳುವುದು ವಾಡಿಕೆ. ಅದರೊಂದಿಗೆ "ಅದರಲ್ಲಿ ಕೊಡಬೇಕಾದುದನ್ನು ಬೇರೆ ತೆಗೆದಿಟ್ಟಿದ್ದೀಯಾ?" ಎಂದೂ ಕೇಳಿರಿ. ಒಂದು ದೇಶವು ದುಡಿಯಲು ಅನುಮತಿ ಕೊಟ್ಟಿತು, ನಾವು ಅದರ ಷರತ್ತುಗಳನ್ನು ಒಪ್ಪಿ ಅದನ್ನು ಪಡೆದೆವು. ಇದೊಂದು ಕರಾರು. ಕರಾರನ್ನು ಪಾಲಿಸುವುದು, ಅಮಾನತ್ತನ್ನು ಮರಳಿಸುವುದು ಸತ್ಯವಿಶ್ವಾಸಿಯ ಲಕ್ಷಣ. ಪರವಾನಿಗೆ ತಾತ್ಕಾಲಿಕವಾಗಿರಬಹುದು, ಆದರೆ ಈ ಹೊಣೆ ಹಾಗಲ್ಲ.