ಮಹಿಳೆ ಮತ್ತು ರಾಜಕೀಯ: ಚಿಕ್ಕೋಡಿ ಭಾಗದ ಟಿಪ್ಪಣಿ

ವಿಶ್ವವಿದ್ಯಾಲಯಗಳ ಉಪನ್ಯಾಸಗಳಲ್ಲಿ ಈ ವಿಷಯ ಬಂದರೆ ಮಾತು ಇಂದಿರಾ ಗಾಂಧಿಯವರಿಂದ ಶುರುವಾಗುವುದೇ ಹೆಚ್ಚು. ಪರೀಕ್ಷೆಗೆ ಓದುವ, ಈ ಭಾಗದ ಕಬ್ಬೂರಿನ ಅಭ್ಯರ್ಥಿಗೆ ಉದಾಹರಣೆ ಸ್ವಂತ ಲೋಕಸಭಾ ಕ್ಷೇತ್ರದಲ್ಲೇ ಇದೆ. 2024ರಲ್ಲಿ ಚಿಕ್ಕೋಡಿಯಿಂದ ಕಾಂಗ್ರೆಸ್‌ನ ಪ್ರಿಯಾಂಕಾ ಜಾರಕಿಹೊಳಿ ಗೆದ್ದರು. ಹಾಗೆಂದು ಇಲ್ಲಿನ ಮೊದಲ ಸಂಸದೆ ಅವರೆಂದು ಬರೆದರೆ ಅಂಕ ಹೋಯಿತು! 1996ರಲ್ಲೇ ಜನತಾದಳದ ರತ್ನಮಾಲಾ ಸವಣೂರ, ಸತತವಾಗಿ ಗೆಲ್ಲುತ್ತಿದ್ದ ಬಿ. ಶಂಕರಾನಂದರನ್ನು ಸೋಲಿಸಿ, ಮುಂದೆ ಕೇಂದ್ರದಲ್ಲಿ ರಾಜ್ಯ ಸಚಿವೆಯೂ ಆದರು. ನಿಪ್ಪಾಣಿ ವಿಧಾನಸಭಾ ಕ್ಷೇತ್ರದಿಂದ ಶಶಿಕಲಾ ಜೊಲ್ಲೆ 2013, 2018, 2023ರಲ್ಲಿ ಆಯ್ಕೆಯಾಗಿದ್ದಾರೆ. 2019ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು.

ಮಹಿಳಾ ಮೀಸಲಾತಿಯಲ್ಲಿ ಸಂವಿಧಾನದ ವಿಧಿಗಳೇ ಗೊಂದಲ ಹುಟ್ಟಿಸುವುದು. ಗ್ರಾಮ ಪಂಚಾಯಿತಿಗೆ 243ಡಿ (73ನೇ ತಿದ್ದುಪಡಿ). ಕಬ್ಬೂರ ಪಟ್ಟಣ ಪಂಚಾಯಿತಿ, ಆದ್ದರಿಂದ ಅದಕ್ಕೆ 243ಟಿ (74ನೇ ತಿದ್ದುಪಡಿ). ಎರಡರಲ್ಲೂ ಸಂವಿಧಾನ ಹೇಳುವುದು ಕನಿಷ್ಠ ಮೂರನೇ ಒಂದು ಭಾಗ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅದು ಶೇ 50. ಕರ್ನಾಟಕವಂತೂ 1983ರ ಪಂಚಾಯಿತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟಿತ್ತು. ಈ ಅಂಶವನ್ನು ಹಲವರು ಓದದೇ ಬಿಡುತ್ತಾರೆ.

ಲೋಕಸಭೆ, ವಿಧಾನಸಭೆಗಳಿಗೆ 2023ರ 106ನೇ ತಿದ್ದುಪಡಿ. ರಾಜ್ಯಸಭೆ, ವಿಧಾನ ಪರಿಷತ್ತುಗಳಿಗೆ ಇದು ಅನ್ವಯಿಸುವುದಿಲ್ಲ.