ಮನೆಯ ಬಳಿಯ ಬೇಸಿಗೆ: ಒಂದು ಬೇವಿನ ಮರದ ಪಾಠ

ಹೈದರಾಬಾದಿನ ಕೋಠಿ ಎಂದೊಡನೆ ಹಳೆಯ ಪುಸ್ತಕಗಳ ಅಂಗಡಿಗಳು, ಬಟ್ಟೆಯ ಬೀದಿಗಳು, ಬಸ್ಸುಗಳ ಸಂದಣಿ ನೆನಪಿಗೆ ಬರುತ್ತವೆಯೇ ಹೊರತು ಗಿಡಮರಗಳಲ್ಲ. ಪ್ರಕೃತಿಯನ್ನು ನೋಡಬೇಕಾದರೆ ಅರಣ್ಯಕ್ಕೇ ಹೋಗಬೇಕು, ಅದೂ ಮಳೆಗಾಲದಲ್ಲಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ. ಮಾರ್ಚ್‌ನಿಂದ ಜೂನ್‌ವರೆಗಿನ ಬೇಸಿಗೆಯು ದಖ್ಖನ್ ಪ್ರಸ್ಥಭೂಮಿಯ ಮರಗಳು ಚಿಗುರುವ, ಹೂಬಿಡುವ ಕಾಲ. ಅನೇಕ ಹಕ್ಕಿಗಳು ಗೂಡುಕಟ್ಟುವ ಕಾಲ. ಮನೆಯಿಂದ ಅರ್ಧ ಮೈಲಿ ನಡೆಯುವಷ್ಟರಲ್ಲಿ ಇವೆಲ್ಲವನ್ನೂ ಕಾಣಬಹುದು.

1956ರವರೆಗೆ ಕಲಬುರಗಿ, ರಾಯಚೂರು ಮತ್ತು ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ವಿದ್ಯಾಭ್ಯಾಸಕ್ಕೆಂದೂ ಉದ್ಯೋಗಕ್ಕೆಂದೂ ಬಂದ ಕನ್ನಡ ಕುಟುಂಬಗಳು ಕೋಠಿ, ಕಾಚಿಗುಡ ಮುಂತಾದ ಕಡೆಗಳಲ್ಲಿ ನೆಲಸಿದವು. ಯುಗಾದಿಯ ದಿನ ಇಂತಹ ಮನೆಗಳಲ್ಲಿ ಬೇವಿನ ಹೂವನ್ನು ಬೆಲ್ಲದೊಡನೆ ಹಂಚುತ್ತಾರೆ. ಆದರೆ ಆ ಹೂವು ಯಾವ ಮರದ್ದು, ಅದು ಎಂದು ಎಲೆ ಉದುರಿಸಿತು, ಎಂದು ಚಿಗುರಿತು ಎಂಬುದನ್ನು ಗಮನಿಸುವವರು ವಿರಳ. ಆದ್ದರಿಂದ ನಮ್ಮ ಪಾಠವನ್ನು ಬೇವಿನ ಮರದಿಂದಲೇ ಆರಂಭಿಸೋಣ.

ಬೇವಿನ ಪಂಚಾಂಗ

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೇವು ಹಳದಿಗಟ್ಟಿದ ಎಲೆಗಳನ್ನು ಉದುರಿಸುತ್ತದೆ. ಕೆಲವು ದಿನ ಮರವು ಬಹುಮಟ್ಟಿಗೆ ಬೋಳಾಗಿ ಕಾಣುವುದುಂಟು. ಬಳಿಕ ತಾಮ್ರವರ್ಣದ ಚಿಗುರು ಮೂಡುತ್ತದೆ. ಅದು ಹಸಿರಾಗುತ್ತಿದ್ದಂತೆಯೇ ನಸುಬಿಳುಪಿನ ಸಣ್ಣ ಹೂಗೊಂಚಲುಗಳು ತೋರುತ್ತವೆ. ಸಂಜೆಯ ವೇಳೆ ಮರದಡಿ ನಿಂತರೆ ಜೇನಿನಂತಹ ಪರಿಮಳ ತಿಳಿಯುತ್ತದೆ. ಜೂನ್, ಜುಲೈ ಹೊತ್ತಿಗೆ ಹಣ್ಣುಗಳು ಹಳದಿಯಾಗಿ ಮಾಗುತ್ತವೆ. ಕೋಗಿಲೆ, ಗೊರವಂಕ, ಕಾಗೆ ಮೊದಲಾದ ಹಕ್ಕಿಗಳು ತಿರುಳನ್ನು ತಿಂದು ಬೀಜವನ್ನು ದೂರ ಕೊಂಡೊಯ್ಯುತ್ತವೆ. ಗೋಡೆಯ ಬದಿಯಲ್ಲಿ ಯಾರೂ ನೆಡದೆ ಹುಟ್ಟಿದ ಬೇವಿನ ಸಸಿಗೆ ಇದೇ ಕಾರಣ.

ಮರವನ್ನು ಆಶ್ರಯಿಸಿದವರು

ಏಪ್ರಿಲ್‌ನಿಂದ ಜೂನ್‌ವರೆಗೆ ಕಾಗೆಗಳು ಕಡ್ಡಿ, ತಂತಿಚೂರುಗಳಿಂದ ಗೂಡುಕಟ್ಟುತ್ತವೆ. ಕೋಗಿಲೆಯ ಕೂಗು ಇದೇ ಅವಧಿಯಲ್ಲಿ ಹೆಚ್ಚಾಗುವುದು ಆಕಸ್ಮಿಕವಲ್ಲ. ಅದು ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಡುತ್ತದೆ. ಹೊಳೆಯುವ ಕಪ್ಪು ಮೈ ಮತ್ತು ಕೆಂಪು ಕಣ್ಣುಳ್ಳದ್ದು ಗಂಡು. ಕಂದು ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಹೆಣ್ಣನ್ನು ಬೇರೊಂದು ಹಕ್ಕಿಯೆಂದು ತಿಳಿದವರೇ ಹೆಚ್ಚು.

ಬಿಸಿಲೇರಿದಂತೆ ತಾಮ್ರದ ಪಾತ್ರೆಯನ್ನು ಬಡಿಯುವಂತಹ ‘ಟುಕ್ ಟುಕ್’ ಸದ್ದು ಒಂದೇ ಲಯದಲ್ಲಿ ಕೇಳಿಬರಬಹುದು. ಇದು ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಹಸಿರು ಮೈಯ ಕಂಚುಕುಟಿಗ. ಹಣೆಯ ಮೇಲಿನ ಕೆಂಪು ಮತ್ತು ಹಳದಿ ಕೊರಳಿನಿಂದ ಇದನ್ನು ಗುರುತಿಸಬಹುದು. ಒಣಗಿ ಮೆತ್ತಗಾದ ಕೊಂಬೆಯಲ್ಲಿ ದುಂಡನೆಯ ಪೊಟರೆ ಕೊರೆದು ಇದು ಮರಿಮಾಡುತ್ತದೆ. ನಮಗೆ ವ್ಯರ್ಥವೆಂದು ತೋರುವ ಒಣಕೊಂಬೆಯೂ ಒಂದು ಸಂಸಾರದ ಮನೆಯಾಗಿರಬಹುದು.

ಋತುವೇ, ರೋಗವೇ?

ಇಂತಹ ವೀಕ್ಷಣೆಯು ಕೇವಲ ಮನೋರಂಜನೆಯಲ್ಲ ಎಂಬುದಕ್ಕೆ ನಿದರ್ಶನವೊಂದಿದೆ. 2021ರಲ್ಲಿ ಹೈದರಾಬಾದ್ ಸೇರಿದಂತೆ ತೆಲಂಗಾಣದ ಹಲವೆಡೆ ಬೇವಿನ ಮರಗಳ ರೆಂಬೆಯ ತುದಿಗಳು ಸುಟ್ಟಂತೆ ಕಂದಾಗಿ ಒಣಗತೊಡಗಿದವು. ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗವಿದು. ಟೀ ಸೊಳ್ಳೆಯೆಂದು ಕರೆಯಲಾಗುವ, ವಾಸ್ತವವಾಗಿ ತಿಗಣೆಯ ಜಾತಿಗೆ ಸೇರಿದ ಕೀಟವು ಎಳೆಯ ಚಿಗುರಿನ ರಸ ಹೀರಿದಾಗ ಹಾನಿ ಇನ್ನೂ ಹೆಚ್ಚುತ್ತದೆ. ಮರಗಳು ಸತ್ತೇಹೋದವೆಂದು ಜನರು ಭಯಪಟ್ಟರು. ಆದರೆ ಅವುಗಳಲ್ಲಿ ಅನೇಕವು ಮುಂದಿನ ಬೇಸಿಗೆಯಲ್ಲಿ ಮತ್ತೆ ಚಿಗುರಿದವು.

ತನ್ನ ಮರದ ಪಂಚಾಂಗವನ್ನು ಬಲ್ಲವನು ಇಲ್ಲಿ ಮೋಸಹೋಗುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಇಡೀ ಮರದ ಎಲೆ ಹಳದಿಯಾಗಿ ಉದುರಿದರೆ ಅದು ಋತುಧರ್ಮ. ಮಳೆಗಾಲ ಆರಂಭವಾದ ಮೇಲೆ, ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ, ರೆಂಬೆಗಳ ತುದಿ ಮಾತ್ರ ಎಲೆಸಮೇತ ಒಣಗಿದರೆ ಅದು ರೋಗದ ಲಕ್ಷಣ. ಸಂದೇಹವಿದ್ದಲ್ಲಿ ಕೈಗೆಟಕುವ ಸಣ್ಣ ಕಡ್ಡಿಯೊಂದರ ತೊಗಟೆಯನ್ನು ಉಗುರಿನಿಂದ ಕೊಂಚ ಕೆರೆದು ನೋಡಬಹುದು. ಒಳಗೆ ಹಸಿರಿದ್ದರೆ ಅದರಲ್ಲಿ ಜೀವವಿದೆ. ಕಂದಾಗಿದ್ದರೆ ಆ ಕಡ್ಡಿಯಷ್ಟೇ ಒಣಗಿರಬಹುದು. ಅದರಿಂದ ಇಡೀ ಮರದ ಬಗ್ಗೆ ತೀರ್ಮಾನಕ್ಕೆ ಬರಬಾರದು. ಎಲೆಯಿಲ್ಲದ ಮರವನ್ನು ಸತ್ತ ಮರವೆಂದು ಭಾವಿಸಿ ಕಡಿದರೆ ಹತ್ತಾರು ವರ್ಷಗಳ ನೆರಳು ಒಂದು ಗಂಟೆಯಲ್ಲಿ ಇಲ್ಲವಾಗುತ್ತದೆ. 2002ರ ಜಲ, ಭೂಮಿ ಮತ್ತು ವೃಕ್ಷ ಕಾಯಿದೆಯಂತೆ ಇಲ್ಲಿ ಮರ ಕಡಿಯಲು ಪೂರ್ವಾನುಮತಿ ಪಡೆಯುವುದು ಅಗತ್ಯ ಎಂಬುದನ್ನೂ ನಾಗರಿಕರು ತಿಳಿದಿರಬೇಕು.

ಒಂದು ಹುಣಸೆಯ ಋಣ

ಒಂದು ಮರವು ಉಳಿದಿದ್ದರಿಂದ ಏನಾಯಿತೆಂಬುದಕ್ಕೆ ಕೋಠಿಯಿಂದ ನಡೆದೇ ಹೋಗಬಹುದಾದಷ್ಟು ಸಮೀಪದಲ್ಲಿ ಸಾಕ್ಷಿಯೊಂದಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯ ಮಹಾಪೂರವು ನಗರಕ್ಕೆ ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ಅಫ್ಜಲ್‌ಗಂಜ್‌ನ ಒಂದು ಹುಣಸೆ ಮರವನ್ನು ಹತ್ತಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರದಡಿ ವರ್ಷವರ್ಷವೂ ಜನರು ಸೇರಿ ಅಂದು ಮಡಿದವರನ್ನು ಸ್ಮರಿಸುತ್ತಾರೆ. ಪೂರ ಬರುವುದಕ್ಕೆ ಮೊದಲು ಅದೂ ದಾರಿಬದಿಯ ಇತರ ಮರಗಳಂತೆ ಒಂದು ಮರವಾಗಿತ್ತಷ್ಟೆ.

ನಡೆಯುವ ಕ್ರಮ, ಬರೆದಿಡುವ ಕ್ರಮ

ಮೇ ತಿಂಗಳಲ್ಲಿ ಇಲ್ಲಿಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದುದರಿಂದ ಬೆಳಗಿನ 6ರಿಂದ 7.30ರೊಳಗಿನ ವೇಳೆಯೇ ನಡಿಗೆಗೆ ಪ್ರಶಸ್ತ. ಪ್ರತಿದಿನವೂ ಹೊಸ ದಾರಿ ಹಿಡಿಯುವುದಕ್ಕಿಂತ ಒಂದೇ ದಾರಿಯಲ್ಲಿ ಸಾಗಿ ಒಂದೇ ಮರದ ಬಳಿ ಐದು ನಿಮಿಷ ನಿಲ್ಲುವುದರಿಂದ ಹೆಚ್ಚು ತಿಳಿಯುತ್ತದೆ. ಕಂಡದ್ದನ್ನು ದಿನಾಂಕದೊಡನೆ ಬರೆದಿಡಬೇಕು. ಪಕ್ಷಿತಜ್ಞ ಸಲೀಂ ಅಲಿಯವರು 1931–32ರಲ್ಲಿ ಅಂದಿನ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರು ಆಗ ಬರೆದಿಟ್ಟದ್ದರಿಂದಲೇ ಅಂದಿನ ಸ್ಥಿತಿಯನ್ನು ಇಂದಿನದರೊಡನೆ ಹೋಲಿಸಲು ಸಾಧ್ಯವಾಗಿದೆ. ನಮ್ಮ ಬೀದಿಯ ಬೇವಿನ ಬಗ್ಗೆ ಅಂತಹ ದಾಖಲೆಯನ್ನು ನಾವಲ್ಲದೆ ಬೇರಾರು ಇಟ್ಟಾರು?

ಅಭ್ಯಾಸ

1. ಮನೆಯ ಸಮೀಪದ ಒಂದು ಮರವನ್ನು ಆರಿಸಿಕೊಳ್ಳಿರಿ. ಎಲೆ ಉದುರಿದ, ಚಿಗುರಿದ, ಹೂಬಿಟ್ಟ ಮತ್ತು ಹಣ್ಣಾದ ದಿನಗಳನ್ನು ಬರೆಯಿರಿ.
2. ಮರಕ್ಕೆ ಬರುವ ಹಕ್ಕಿ, ಅಳಿಲು, ಇರುವೆಗಳು ಅಲ್ಲಿ ಏನು ಮಾಡುತ್ತಿವೆ ಎಂಬುದನ್ನು ಗುರುತಿಸಿರಿ. ಗೂಡನ್ನು ಮುಟ್ಟಬೇಡಿರಿ.
3. ನೆರಳಿನಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರಿಡಿರಿ. ಸೊಳ್ಳೆ ಹುಟ್ಟದಂತೆ ನಿತ್ಯವೂ ನೀರನ್ನು ಬದಲಿಸಿರಿ.
4. ಮುಂದಿನ ಯುಗಾದಿಗೆ ಬೇವಿನ ಹೂವನ್ನು ತರುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ದು ಆ ಮರವನ್ನು ತೋರಿಸಿರಿ.