ಗಾಜಿನಾಚೆಯ ಕಂದನಿಗೆ ನೀವು ಬೇಕು
ಸಾಂಕ್ರಾಮಿಕದ ದಿನಗಳಲ್ಲಿ ನಿಮ್ಮ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇದ್ದರೆ, ನೀವು ಬರೀ ಸಂದರ್ಶಕರಲ್ಲ, ಅದರ ಆರೈಕೆಯ ಭಾಗ ಎಂಬುದನ್ನು ಮರೆಯಬೇಡಿ. ಕೋವಿಡ್ ಕಾಲದಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸ್ಪಷ್ಟವಾಗಿತ್ತು: ಸೋಂಕಿತ ತಾಯಿಯೂ ಮಾಸ್ಕ್ ಧರಿಸಿ, ಕೈ ತೊಳೆದು ಹಾಲುಣಿಸಬಹುದು, ಕೂಸನ್ನು ಎದೆಗಪ್ಪಿಕೊಳ್ಳಬಹುದು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಶುರುವಾದ ಕಾಂಗರೂ ಆರೈಕೆ, ಅಂದರೆ ಮೈಗೆ ಮೈ ತಾಗುವಂತೆ ಮಗುವನ್ನು ಎದೆಗಪ್ಪಿಕೊಳ್ಳುವ ಕ್ರಮ, ಕಡಿಮೆ ತೂಕದ ಶಿಶುಗಳ ಜೀವ ಉಳಿಸುತ್ತದೆ. ಅದಕ್ಕೆ ಅವಕಾಶವಿದೆಯೇ ಎಂದು ವೈದ್ಯರನ್ನು ಕೇಳಿ. ಒಳಹೋಗಲಾಗದಿದ್ದರೆ ಹಿಂಡಿದ ಹಾಲು ಕಳುಹಿಸಿ, ವಿಡಿಯೊ ಕರೆ ಕೋರಿ.

ಬಂಧುಗಳೇ, ಬಾಣಂತಿಗೆ ಬಿಸಿಯೂಟ ಕೊಡಿ, ಪ್ರಶ್ನೆಗಳ ಮಳೆ ಬೇಡ. ಗಂಟೆಗಟ್ಟಲೆ ರಕ್ಷಣಾ ಉಡುಪು (ಪಿಪಿಇ) ತೊಟ್ಟು ದುಡಿಯುವ ದಾದಿಯರ ಮೇಲೆ ಸಿಟ್ಟು ಹರಿಸಬೇಡಿ. ಆಸ್ಪತ್ರೆಗಳೇ, ಅವರಿಗೆ ಬಿಡುವು ಕೊಡಿ, ಅವರ ಮನದ ಭಾರವನ್ನೂ ಕೇಳಿಸಿಕೊಳ್ಳಿ. ಸೋಂಕನ್ನು ದೂರವಿಡೋಣ, ತಾಯಿ-ಮಗುವನ್ನಲ್ಲ.